ಕೆಳಗಿನ ಬೆಸುಗೆ

ಆ ಒಂದು ಬೆಸುಗೆ ನನಗೆ ಮೊದಲಿನಿಂದಲೂ ಹಿಡಿಸಿರಲಿಲ್ಲ. ನೋಡಲು ಉಳಿದವುಗಳಿಗಿಂತ ಅದೇ ಚೆಂದವಾಗಿತ್ತು, ಬಹುಶಃ ಅದಕ್ಕೇ ಇರಬೇಕು. ಅಂಬರನಾಥದ ಕಾರ್ಖಾನೆಯೊಂದರಲ್ಲಿ ನಾನು ವರ್ಷಗಟ್ಟಲೆ ಮಾಡುತ್ತ ಬಂದ ಕೆಲಸ ಬೇರೆಯವರ ಬೆಸುಗೆಗಳಲ್ಲಿ ಹುಳುಕು ಹುಡುಕುವುದು. ಪಾಸು ಅಥವಾ ರಿಜೆಕ್ಟು, ಮಧ್ಯದ ಮಾತಿಲ್ಲ. ಬೆನ್ನ ಹಿಂದೆ ಕೆಲಸಗಾರರು ನನಗೆ ಏನೇನೋ ಹೆಸರಿಟ್ಟಿದ್ದಾರೆ, ನನಗದು ಗೊತ್ತು, ಬೇಜಾರೂ ಇಲ್ಲ. ಒತ್ತಡದ ಟ್ಯಾಂಕು ಬಿರಿದರೆ ಹೆಸರಿಡಲಿಕ್ಕೆ ಅವರೇ ಇರುವುದಿಲ್ಲ.

ಅಂಥ ನಾನು ಡೊಂಬಿವಲಿಯ ನಮ್ಮ ಹಳೆಯ ಬಿಲ್ಡಿಂಗಿನ ತಳಮಹಡಿಯಲ್ಲಿ, ಅಡುಗೆಮನೆಯ ಹಿಂದಿರುವ ಮೂರು ಹೆಜ್ಜೆಯ ಸಿಮೆಂಟು ಜಾಗದಲ್ಲಿ, ಸೈಕಲ್ ಫ್ರೇಮ್ ಮಾಡಲು ಕುಳಿತೆ. ಕಾರಣ ಮಗಳ ಉದ್ದ. ಅಪ್ಪನ ಹಾಗೆ ಎತ್ತರಕ್ಕೆ ಬೆಳೆದ ಹುಡುಗಿ. ಅಂಗಡಿಯ ಸೈಕಲ್ ಹತ್ತಿದರೆ ಮೊಣಕಾಲು ಗಲ್ಲಕ್ಕೆ ತಾಗುತ್ತದೋ ಎನ್ನುವ ಹಾಗೆ ಕಾಣುತ್ತಿದ್ದಳು. ಖಾರಘರದಲ್ಲಿ ಓದುತ್ತಾಳೆ, ಅಲ್ಲೇ ಗೆಳತಿಯರ ಜೊತೆ ರೂಮು. ಬೆಳಿಗ್ಗೆ ಎದ್ದು ಸೈಕಲ್ಲಿನಲ್ಲಿ ಗುಡ್ಡ ಹತ್ತುವುದು, ಆಮೇಲೆ ಕೈಬಿಟ್ಟವರ ಹಾಗೆ ಇಳಿಯುವುದು, ಇದು ಅವಳ ಗುಂಪಿನ ಹುಚ್ಚು. ದಸರೆಯ ಬೆಳಿಗ್ಗೆ ಎಲ್ಲರೂ ಸೈಕಲ್ಲಿಗೆ ಚೆಂಡುಹೂ ಕಟ್ಟಿ ಗುಡ್ಡ ಇಳಿಯುವುದೆಂದು ಮಾತಾಗಿತ್ತು. ಅಷ್ಟರೊಳಗೆ ನಿನ್ನ ಅಳತೆಯ ಸೈಕಲ್ ಕೊಡುತ್ತೇನೆ ಎಂದು ನಾನೇ ಹೇಳಿಬಿಟ್ಟಿದ್ದೆ.

ಉಕ್ಕಿನ ಕೊಳವೆಗಳನ್ನು ತರಿಸಿದೆ. ಹಳೆಯ ಬಾಗಿಲೊಂದನ್ನು ಮಲಗಿಸಿ, ಅದರ ಮೇಲೆ ಮಗಳ ಅಳತೆಯಲ್ಲಿ ಗೆರೆ ಎಳೆದೆ. ಒಂದು ಕೊಳವೆ ಇನ್ನೊಂದಕ್ಕೆ ಒತ್ತಿ ಕೂರುವಂತೆ ತುದಿಗಳನ್ನು ಅರದಿಂದ ಉಜ್ಜಿ ಉಜ್ಜಿ ಕಮಾನಿನ ಹಾಗೆ ಕೊರೆದೆ. ಹಬೆ ಹಿಡಿದ ಕನ್ನಡಕ ಹಾಕಿಕೊಂಡ ನನ್ನನ್ನು ನೋಡಿ ಅಮ್ಮ ನಗುತ್ತಿದ್ದಳು. ಅಮ್ಮ ನನ್ನ ಜೊತೆಗೇ ಇರುವುದು. ಗಂಡ ಕಲ್ಯಾಣದಲ್ಲಿ ಹೋಟೆಲು ನಡೆಸುವವರು, ಬೆಳಕು ಹರಿಯುವ ಮೊದಲೇ ಇಡ್ಲಿಯ ಹಿಂದೆ ಹೋಗಿಬಿಡುತ್ತಾರೆ. ಹಾಗಾಗಿ ನನ್ನ ಕೆಲಸಕ್ಕೆ ಪ್ರೇಕ್ಷಕಿ ಅಮ್ಮ ಒಬ್ಬಳೇ. ಸೊಸೈಟಿಯ ಸೆಕ್ರೆಟರಿ ಮಾತ್ರ ದಿನಕ್ಕೊಮ್ಮೆ ಗೋಡೆಯಾಚೆಯಿಂದ ಇಣುಕಿ, ಸಿಲಿಂಡರ್ ಸಿಡಿದರೆ ಬಿಲ್ಡಿಂಗೇ ಹೋದೀತು ಎಂದು ಮರಾಠಿಯಲ್ಲಿ ಶುಭ ನುಡಿದು ಹೋಗುತ್ತಿದ್ದರು.

ಕೊಳವೆಗಳು ಸೇರುವಲ್ಲಿ ಒಂದು ಉಕ್ಕಿನ ತೋಳು ಕೂರುತ್ತದೆ. ಅದರೊಳಗೆ ಕೊಳವೆ ತೂರಿಸಿ, ಗ್ಯಾಸಿನ ಟಾರ್ಚಿನ ಜ್ವಾಲೆಯಿಂದ ಕೆಂಪಗೆ ಕಾಯಿಸಿ, ತೋಳಿನ ಒಂದು ಅಂಚಿಗೆ ಬೆಳ್ಳಿ ಬೆರೆತ ಕಡ್ಡಿಯನ್ನು ಮುಟ್ಟಿಸಬೇಕು. ಕರಗಿದ ಲೋಹ ಬಿಸಿಯನ್ನು ಹುಡುಕಿಕೊಂಡು ಒಳಗೆ ಹರಿದು, ಇನ್ನೊಂದು ಅಂಚಿನಲ್ಲಿ ಹೊಳೆಯುವ ಗೆರೆಯಾಗಿ ಹೊರಬರಬೇಕು. ಆ ಗೆರೆ ಕಂಡರೆ ಒಳಗೆಲ್ಲ ತುಂಬಿದೆ ಎಂದು ಅರ್ಥ. ಕೊನೆಯದಾಗಿ ಉಳಿದದ್ದು ಹ್ಯಾಂಡಲ್ಲಿನ ಕೆಳಗೆ, ಮುಂದಿನ ಚಕ್ರದ ಭಾರ ಹೊರುವ ಜಾಗ. ಅದನ್ನು ಕಾಯಿಸುತ್ತಿರುವಾಗ ಗ್ಯಾಸು ಮುಗಿಯುತ್ತ ಬಂತು. ಜ್ವಾಲೆ ಸಣ್ಣದಾಯಿತು, ಉಕ್ಕಿನ ಕೆಂಪು ಕುಗ್ಗಿತು, ಆಚೆ ಅಂಚಿನಲ್ಲಿ ಗೆರೆ ಕಾಣಿಸಲಿಲ್ಲ. ಹೊಸ ಸಿಲಿಂಡರಿಗೆ ಕಾಯುವ ತಾಳ್ಮೆ ನನಗಿರಲಿಲ್ಲ. ಕಡ್ಡಿಯನ್ನು ಆಚೆ ಅಂಚಿಗೂ ಮುಟ್ಟಿಸಿದೆ. ಅಲ್ಲೂ ಚೆಂದದ ಗೆರೆ ಮೂಡಿತು. ಆದರೆ ಎರಡೂ ಕಡೆಯಿಂದ ಹಾಕಿದ ಮೇಲೆ ಒಳಗೇನಾಗಿದೆಯೋ ಹೊರಗಿನಿಂದ ತಿಳಿಯುವ ದಾರಿಯಿಲ್ಲ. ಕಾರ್ಖಾನೆಯಲ್ಲಾದರೆ ಎಕ್ಸ್‌ರೇ ಇದೆ. ಮನೆಯಲ್ಲಿ ಇದ್ದದ್ದು ನನ್ನ ಗುಮಾನಿ ಮಾತ್ರ.

ಆ ಜಾಗ ಬಿಟ್ಟುಕೊಂಡರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ. ಮುಂದಿನ ಚಕ್ರ ಒಂದು ಕಡೆ, ಸವಾರ ಮುಖ ಕೆಳಗಾಗಿ ಇನ್ನೊಂದು ಕಡೆ. ಗುಡ್ಡದ ಇಳಿಜಾರಿನಲ್ಲಾದರೆ ನೆನೆಸಿಕೊಳ್ಳುವುದೇ ಬೇಡ. ನಾನಂತೂ ನೆನೆಸಿಕೊಳ್ಳುತ್ತಲೇ ಇದ್ದೆ. ಅಂಬರನಾಥದ ಲೋಕಲ್‌ನಲ್ಲಿ ನಿಂತಾಗ, ಅಕ್ಕಿ ತೊಳೆಯುವಾಗ, ಕಾರ್ಖಾನೆಯಲ್ಲಿ ಬೇರೆ ಯಾರದೋ ಬೆಸುಗೆಯ ಮೇಲೆ ಬೆಳಕು ಬಿಡುವಾಗ ಆ ಎರಡು ಹೊಳೆಯುವ ಗೆರೆಗಳು ಕಣ್ಣಮುಂದೆ ಬರುತ್ತಿದ್ದವು. ಭಯವಾಗುತ್ತಿತ್ತು. ನನಗೆ ನಾನೇ ಸಮಾಧಾನ ಹೇಳಿಕೊಂಡು ಸಾಕಾಗಿತ್ತು.

ಹ್ಯಾಂಡಲ್ ಸಲೀಸಾಗಿ ತಿರುಗಲು ಫ್ರೇಮಿನ ಬಾಯಿಗೆ ಹಾಕುವ ಬಟ್ಟಲುಗಳನ್ನು ಒತ್ತಿ ಕೂರಿಸಲು ಬೇರೆಯೇ ಸಲಕರಣೆ ಬೇಕು. ಖಾರಘರದ ಸೈಕಲ್ ಅಂಗಡಿಯಲ್ಲಿ ಮಾಡಿಸುತ್ತೇನೆಂದು ಮಗಳು ಫ್ರೇಮನ್ನು ಹೊತ್ತುಕೊಂಡು ಹೋದಳು. ಹೊರಡುವಾಗ ಅಮ್ಮ ಅವಳ ಕೈ ಹಿಡಿದು, ಆಯುಧಪೂಜೆ ಆಗುವ ಮೊದಲು ಅದನ್ನು ಹತ್ತಬಾರದು ಎಂದು ಎರಡೆರಡು ಸಲ ಹೇಳಿದಳು. ಮಗಳು ನನ್ನ ಹತ್ತಿರ ಮಾತಾಡುವುದು ಮರಾಠಿಯಲ್ಲಿ, ಜಗಳವಾದರೆ ಹಿಂದಿಯಲ್ಲಿ. ಕನ್ನಡವೇನಿದ್ದರೂ ಅಜ್ಜಿಗೆ ಮೀಸಲು. ಆಯ್ತಜ್ಜಿ, ಹತ್ತುದಿಲ್ಲ ಎಂದು ಅಜ್ಜಿಯ ಕೆನ್ನೆ ಹಿಂಡಿ ಹೋದಳು.

ದಸರೆಯ ಹಿಂದಿನ ದಿನ, ಖಂಡೇನವಮಿಯ ಮಧ್ಯಾಹ್ನ, ಫ್ರೇಮಿನೊಂದಿಗೆ ವಾಪಸು ಬಂದಳು. ಪೂಜೆ ಮುಗಿಸಿಕೊಂಡು ಸಂಜೆಯೇ ಮರಳಿ ಹೋಗಿ, ಚಕ್ರ ಗಿಕ್ರ ಜೋಡಿಸಿ ಬೆಳಿಗ್ಗೆ ಗುಡ್ಡಕ್ಕೆ ತಯಾರಾಗಬೇಕು. ಬಣ್ಣ ಆಮೇಲೆ. ಫ್ರೇಮಿನ ತಳದಲ್ಲಿ ಕೆಂಪು ಮಣ್ಣು ಮೆತ್ತಿತ್ತು. ಹಿಂದಿನ ತುದಿಗಳಲ್ಲಿ ನಟ್ಟು ಬಿಗಿದ ಗುರುತಿತ್ತು. ಅಂಗಡಿಯವನು ಚಕ್ರ ಹಾಕಿ ನೋಡಿರಬೇಕು, ಇವಳು ಎಲ್ಲೋ ನೆಲದಲ್ಲಿ ಒರಗಿಸಿರಬೇಕು ಎಂದುಕೊಂಡೆ. ಇಷ್ಟು ಕಷ್ಟಪಟ್ಟು ಮಾಡಿದ್ದನ್ನು ಮಣ್ಣಲ್ಲಿ ಹಾಕುತ್ತೀಯಲ್ಲ ಎಂದು ಗದರಿ ಒರೆಸಿದೆ. ಎದುರುತ್ತರ ಕೊಡದೆ ಬಿಡುವವಳಲ್ಲ, ಅಂದು ನೇರ ಒಳಗೆ ಹೋಗಿಬಿಟ್ಟಳು.

ದೇವರ ಮುಂದೆ ಮಣೆ ಹಾಕಿ ಅಮ್ಮ ನನ್ನ ಅರ, ಗರಗಸ, ಸುತ್ತಿಗೆ, ಟಾರ್ಚುಗಳನ್ನು ಸಾಲಾಗಿ ಇಟ್ಟಳು. ಜೊತೆಗೆ ಅವಳ ತೆಂಗಿನಕಾಯಿ ತುರಿಯುವ ಮಣೆಯೂ ಬಂತು. ಎಲ್ಲಕ್ಕೂ ಕುಂಕುಮ, ಹೂವು. ಒಮ್ಮೆ ಇಟ್ಟ ಮೇಲೆ ಮರುದಿನ ಬೆಳಿಗ್ಗೆ ಮಂಗಳಾರತಿ ಆಗುವ ತನಕ ಒಂದು ಸೂಜಿಯನ್ನೂ ಮುಟ್ಟುವಂತಿಲ್ಲ, ಅಮ್ಮನ ಕಾನೂನು. ಚಿಕ್ಕಂದಿನಲ್ಲಿ ಪೆನ್ಸಿಲು ಕೆತ್ತಲು ಬ್ಲೇಡು ಎತ್ತಿಕೊಂಡದ್ದಕ್ಕೆ ನಾನು ತಿಂದ ಪೆಟ್ಟು ಇನ್ನೂ ನೆನಪಿದೆ. ಸಂಜೆಯೇ ಹೊರಡಬೇಕಾದ ಫ್ರೇಮಿಗೆ ಮಾತ್ರ ವಿನಾಯಿತಿ, ಅದನ್ನು ನಡುಮನೆಯ ಚಾವಣಿಯ ಕೊಂಡಿಗೆ ಹಗ್ಗ ಕಟ್ಟಿ ತೂಗುಹಾಕಿದೆವು. ಮಗಳ ತೊಟ್ಟಿಲು ತೂಗಿದ್ದೂ ಅದೇ ಕೊಂಡಿಯಲ್ಲಿ.

ಅಮ್ಮನಿಗೆ ಏನು ಕೈಗೆ ಸಿಕ್ಕರೂ ಗೆಣ್ಣಿನಿಂದ ತಟ್ಟಿ ನೋಡುವ ಚಾಳಿ. ತೆಂಗಿನಕಾಯಿ, ಮಡಕೆ, ಹಲಸಿನಹಣ್ಣು, ಕೊನೆಗೆ ಹೊಸ ಪ್ರೆಷರ್ ಕುಕ್ಕರನ್ನೂ ಬಿಟ್ಟವಳಲ್ಲ. ಈಗ ಕಿವಿ ಮಂದ, ಆದರೂ ಚಾಳಿ ಹೋಗಿಲ್ಲ. ಫ್ರೇಮಿಗೆ ಕುಂಕುಮ ಹಚ್ಚುತ್ತ ಒಂದೊಂದೇ ಮೂಲೆಗೆ ತಟ್ಟಿದಳು. ಉಕ್ಕು ಟಣ್ ಎಂದಿತು, ಮತ್ತೆ ಟಣ್ ಎಂದಿತು. ಹ್ಯಾಂಡಲ್ಲಿನ ಕೆಳಗೆ ಬಂದಾಗ ಟಪ್ ಎಂದು ಸದ್ದು ಅಲ್ಲೇ ಸತ್ತಿತು. ನಾನು ಎದ್ದು ಹೋಗಿ ನನ್ನ ಬೆರಳಿನಿಂದ ತಟ್ಟಿದೆ. ಟಪ್. ಮೇಲೆ ತಟ್ಟಿ, ಕೆಳಗೆ ತಟ್ಟಿ, ಮತ್ತೆ ಅಲ್ಲಿಗೇ ಬಂದೆ.

"ಇದ್ರದ್ದು ಸ್ವರ ಸರಿ ಇಲ್ಲ ಅಲ್ವಾ?" ಎಂದು ಅಮ್ಮ ಕೇಳಿದಳು.

ಹೌದೆಂದು ತಲೆ ಆಡಿಸಿದೆ. ಕೊಯ್ದು ನೋಡದೆ ಗೊತ್ತಾಗುವುದಿಲ್ಲ, ಕೊಯ್ದರೆ ಫ್ರೇಮು ಹೋಯಿತು, ಒಳಗೆ ಬೆಳ್ಳಿ ತುಂಬಿದ್ದರೆ ಒಳ್ಳೆಯದನ್ನೇ ಹಾಳುಮಾಡಿದ ಹಾಗೆ ಎಂದು ವಿವರಿಸಿದೆ. ನಾಳೆ ಬೆಳಿಗ್ಗೆ ಮಂಗಳಾರತಿ ಆಗಲಿ, ಆಮೇಲೆ ನೋಡೋಣ ಎಂದೆ. ಅಷ್ಟರಲ್ಲಿ ಮಗಳು ಗುಡ್ಡದ ಮೇಲಿರುತ್ತಾಳೆ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು. ಫ್ರೇಮನ್ನು ಇಲ್ಲೇ ಬಿಟ್ಟುಹೋಗು ಎಂದರೆ ಅವಳು ಕೇಳುವವಳಲ್ಲ, ಅದೂ ಗೊತ್ತಿತ್ತು.

ಅಮ್ಮ ದೇವರ ಮುಂದೆ ಬಗ್ಗಿದಳು. ಹೂವು ಸರಿಸಿ ಗರಗಸ ಎತ್ತಿದಳು. ಹಿಡಿಯ ಮೇಲಿನ ಕುಂಕುಮವನ್ನು ಸೆರಗಿನಿಂದ ಒರೆಸಿ ನನ್ನ ಕೈಗೆ ಕೊಟ್ಟಳು.

"ಕೊಯ್ಯಿ. ದೇವರಿಗೆ ನಾನು ಹೇಳ್ತೆ."

ಕೊಯ್ದೆ. ಸದ್ದು ಕೇಳಿ ಮಗಳು ಒಳಗಿನಿಂದ ಓಡಿ ಬಂದಳು, ಕಿರುಚಿಯಾಳೆಂದುಕೊಂಡೆ. ಬಾಗಿಲಲ್ಲೇ ನಿಂತುಬಿಟ್ಟಳು. ತೋಳನ್ನು ಉದ್ದಕ್ಕೆ ಸೀಳಿ, ಸ್ಕ್ರೂಡ್ರೈವರ್ ತೂರಿಸಿ ಮೀಟಿದೆ. ಹೆಚ್ಚು ಬಲ ಹಾಕುವ ಮೊದಲೇ ಒಳಗಿನ ಕೊಳವೆ ತಾನಾಗಿ ಕೈಗೆ ಬಂತು. ಎರಡು ಅಂಚಿನಲ್ಲಿ ಉಗುರಿನ ದಪ್ಪದ ಬೆಳ್ಳಿಯ ಉಂಗುರ. ನಡುವೆ ಎಲ್ಲ ಕಪ್ಪು, ಕರಕಲು, ಒಂದು ಹನಿ ಲೋಹ ಹರಿದಿರಲಿಲ್ಲ. ಕಾಗದದ ಮೇಲೆ ಅಂಟು ಸವರಿದಷ್ಟೂ ಹಿಡಿತವಿರಲಿಲ್ಲ.

ನನಗೆ ಹೋದ ಜೀವ ಬಂದ ಹಾಗಾಯಿತು. ನೋಡು, ನಿನ್ನ ಅದೃಷ್ಟ, ನಾಳೆ ಇದರ ಮೇಲೆ ಇಳಿದಿದ್ದರೆ ಎಂದು ಮಗಳಿಗೆ ಹೇಳುತ್ತ ಕೊಳವೆಯನ್ನು ಅವಳ ಕಡೆ ಚಾಚಿದೆ. ಅವಳು ತೆಗೆದುಕೊಳ್ಳಲಿಲ್ಲ. ಆ ಕಪ್ಪನ್ನೇ ನೋಡುತ್ತಿದ್ದಳು. ಆಮೇಲೆ ನನ್ನ ಕಡೆ ತಿರುಗದೆ ಅಜ್ಜಿಗೆ ಹೇಳಿದಳು, ಕನ್ನಡದಲ್ಲಿ.

"ಅಜ್ಜಿ, ನಾನು ಮೊನ್ನೆಯೇ ಇದ್ರ ಮೇಲೆ ಗುಡ್ಡ ಇಳಿದೆ."

ಅಜ್ಜಿಗೆ ಕೇಳಿಸಲಿಲ್ಲ. ಇನ್ನೊಮ್ಮೆ ಜೋರಾಗಿ ಹೇಳಬೇಕಾಯಿತು. ಅಂಗಡಿಯಲ್ಲಿ ಗೆಳತಿಯ ಸೈಕಲ್ಲಿನ ಚಕ್ರ, ಹ್ಯಾಂಡಲು, ಬ್ರೇಕು ಎಲ್ಲ ಇದಕ್ಕೆ ಹಾಕಿಸಿಕೊಂಡಿದ್ದಳಂತೆ, ಪೂಜೆಗೆ ಮೊದಲು ಹತ್ತಿದ್ದು ತಿಳಿದರೆ ಅಜ್ಜಿಗೆ ಬೇಜಾರಾದೀತೆಂದು ಬಿಚ್ಚಿಸಿ ತಂದಳಂತೆ. ನಾನು ಒರೆಸಿದ ಕೆಂಪು ಮಣ್ಣಿನ ಬಟ್ಟೆ ಇನ್ನೂ ಕಿಟಕಿಯಲ್ಲಿ ಒಣಗುತ್ತಿತ್ತು.

ಜೋರಾಗಿ ಇಳಿದೆಯಾ ಎಂದು ಕೇಳಿದೆ.

"ಬ್ರೇಕ್ ಹಿಡೀಲೇ ಇಲ್ಲ," ಎಂದಳು, ಅದನ್ನೂ ಅಜ್ಜಿಗೇ.

ಗರಗಸ ಕೈಯಲ್ಲಿ ಹಿಡಿದೇ ನಾನು ನೆಲದ ಮೇಲೆ ಕುಳಿತೆ. ಅಮ್ಮ ಮೊಮ್ಮಗಳ ಹತ್ತಿರ ಹೋದಳು. ಅಷ್ಟೆತ್ತರದ ಹುಡುಗಿಯನ್ನು ಬಗ್ಗಿಸಿ, ಬೆರಳ ಗೆಣ್ಣಿನಿಂದ ಹಣೆಗೊಮ್ಮೆ, ಭುಜಕ್ಕೊಮ್ಮೆ, ಬೆನ್ನುದ್ದಕ್ಕೂ ಒಂದೊಂದೇ ಮೂಳೆಗೆ ಮೆಲ್ಲಗೆ ತಟ್ಟುತ್ತ ಹೋದಳು. ಪ್ರತಿ ಸಲ ತಟ್ಟಿದಾಗಲೂ ಮಂದವಾದ ಕಿವಿಯನ್ನು ಅಲ್ಲಿಗೆ ಹತ್ತಿರ ತಂದು ಕೇಳುತ್ತಿದ್ದಳು.