ಕಪ್ಪೆ ಎದ್ದು ನಿಂತದ್ದು

ಆ ಬೀದಿಯಲ್ಲಿ ಯಾರನ್ನಾದರೂ ನಿಲ್ಲಿಸಿ ಮರಿಯಕ್ಕನ ಮನೆ ಎಲ್ಲಿ ಎಂದು ಕೇಳಿ ನೋಡಿ, ಬೆರಳು ತೋರಿಸುವ ಗೋಜಿಗೂ ಹೋಗುವುದಿಲ್ಲ. "ಸುಮ್ನೆ ನಡೀತಾ ಹೋಗಿ, ಅವೇ ಕರೀತಾವೆ" ಅನ್ನುತ್ತಾರೆ. ಮರಿಯಕ್ಕ ನಾಯಿ ಸಾಕಿ, ಮರಿ ಮಾರಿ ಬದುಕಿದವಳು. ಗಂಡ ಲಾರಿ ಓಡಿಸುತ್ತಿದ್ದ ಕಾಲದಲ್ಲಿ ಯಾರೋ ದಾರಿಯಲ್ಲಿ ಬಿಟ್ಟುಹೋಗಿದ್ದ ಬಸುರಿ ಲ್ಯಾಬ್ರಡಾರ್ ಒಂದನ್ನು ತಂದು ಹಿತ್ತಲಿಗೆ ಬಿಟ್ಟು, "ನಾಳೆ ಯಾರಿಗಾದ್ರೂ ಕೊಟ್ಬಿಡೋಣ" ಅಂದಿದ್ದ. ಆ ನಾಳೆ ಬರಲೇ ಇಲ್ಲ. ಗಂಡ ತೀರಿಕೊಂಡ ಮೇಲೆ ಅವಳನ್ನೂ ಅತ್ತೆಯನ್ನೂ ಸಾಕಿದ್ದು ಆ ನಾಯಿಯ ಮಕ್ಕಳು, ಮೊಮ್ಮಕ್ಕಳು.

ಮರಿ ಬೇಕೆಂದು ಬಂದವರಿಗೆ ಮೊದಲು ವಿಚಾರಣೆ. ಹಗಲು ಮನೇಲಿ ಯಾರಿರ್ತೀರಿ, ಊರಿಗೆ ಹೋದ್ರೆ ಇದನ್ನ ಯಾರು ನೋಡ್ಕೋತಾರೆ, ಚಪ್ಪಲಿ ಕಡಿದ್ರೆ ಹೊಡೀತೀರಾ? ಒಮ್ಮೆ ದೊಡ್ಡ ಕಾರಿನವನೊಬ್ಬ ಬಂದು ಸೋಫಾದ ಬಣ್ಣಕ್ಕೆ ಹೊಂದುವ ಮರಿ ಇದೆಯಾ ಎಂದು ಕೇಳಿದ. "ದಿಂಬು ತಗೊಳ್ಳಿ ಸ್ವಾಮಿ, ಅದಕ್ಕೆ ಊಟ ಹಾಕೋ ತಾಪತ್ರಯ ಇಲ್ಲ" ಎಂದು ಬಾಗಿಲವರೆಗೂ ಬಂದು ಕಳಿಸಿಕೊಟ್ಟಳು.

ಇನ್ನು ಅವಳ ಶುಚಿಯ ಮಾತು. ನಾಯಿಮನೆ ಅಂದರೆ ನಾತ ಎಂದು ಯಾರೂ ಮೂಗು ಮುಚ್ಚಬಾರದು. ಮರಿಗಳ ಕೋಣೆಗೆ ನುಣುಪು ಟೈಲ್ಸ್ ಹಾಕಿಸಿದ್ದಳು. ಗೋಣಿ, ಹರಕು ಬಟ್ಟೆ ಒಂದನ್ನೂ ಒಳಗೆ ಸೇರಿಸುತ್ತಿರಲಿಲ್ಲ. ಹೊತ್ತು ಹೊತ್ತಿಗೂ ಒರೆಸಿ ಒರೆಸಿ ನೆಲ ಕನ್ನಡಿಯಾಗಿತ್ತು.

ಆ ಸಲದ ಸೂಲಿನಲ್ಲಿ ಒಂದು ಮರಿ ಬಲು ದಪ್ಪ. ಅದನ್ನು ಕಣ್ಣು ಬಿಡುವ ಮೊದಲೇ ಆರಿಸಿಕೊಂಡವರು ಗಡಿಯಾರ ರಿಪೇರಿಯ ಯಜಮಾನರು. ಹೆಂಡತಿ ಹೋದ ಮೇಲೆ ಒಬ್ಬರೇ ಅಂಗಡಿಯ ಹಿಂದಿನ ಕೋಣೆಯಲ್ಲಿ ಇರುತ್ತಿದ್ದವರು. ಮರಿಯನ್ನು ಅಂಗೈಯಲ್ಲಿ ಇಟ್ಟುಕೊಂಡು, ಅದರ ಎದೆ ಬಡಿತಕ್ಕೆ ಕಣ್ಣು ಮುಚ್ಚಿ ಕೂತು, "ಇವನು ಸರಿಯಾಗಿ ನಡೀತಿದ್ದಾನೆ" ಅಂದಿದ್ದರು.

ಆದರೆ ನಡೆಯುವ ಕಾಲ ಬಂದಾಗ ಅವನೊಬ್ಬ ನಡೆಯಲಿಲ್ಲ. ಒಡಹುಟ್ಟಿದವೆಲ್ಲ ತಟ್ಟಾಡುತ್ತಾ ಎದ್ದು ತಾಯಿಯ ಬೆನ್ನು ಹತ್ತಿದರೆ, ಇವನು ಹಿಂಗಾಲು ಎರಡೂ ಪಕ್ಕಕ್ಕೆ ಚಾಚಿ, ಎದೆಯನ್ನು ನೆಲಕ್ಕೊತ್ತಿ ಈಜುತ್ತಿದ್ದ. ಎದೆಯೇ ಚಪ್ಪಟೆಯಾಗತೊಡಗಿತು. ಅತ್ತೆ ನೋಡಿ ಕಪ್ಪೆ ಎಂದು ಹೆಸರಿಟ್ಟರು.

ಮರಿಯಕ್ಕನ ನಾಯಿಗಳನ್ನು ಮೊದಲಿನಿಂದಲೂ ನೋಡುತ್ತಿದ್ದ ಡಾಕ್ಟರು ಬಂದರು. ಗಂಡ ಸತ್ತ ವರ್ಷ ಕರೆಯದೆಯೂ ಬಂದು ಹೋಗುತ್ತಿದ್ದ ಮನುಷ್ಯ. ಕಪ್ಪೆಯ ಬೆನ್ನನ್ನು ಒತ್ತಿ ನೋಡಿ ಕನ್ನಡಕ ತೆಗೆದರು. "ಹುಟ್ಟಿನಿಂದಲೇ ಬೆನ್ನುಮೂಳೇಲಿ ದೋಷ ಇರೋ ಹಾಗಿದೆ ಕಣಮ್ಮ. ಬೆಳೆದಷ್ಟೂ ನರಳುತ್ತೆ. ಮುಂದಿನ ಸಲ ಬರೋವಾಗ ಇಂಜೆಕ್ಷನ್ ತರ್ತೀನಿ. ನಿದ್ದೇಲಿ ಹೋದ ಹಾಗೆ ಹೋಗುತ್ತೆ."

ಸುದ್ದಿ ಕೇಳಿ ಯಜಮಾನರು ಅಂಗಡಿ ಮುಚ್ಚಿ ಬಂದರು. ಬೇರೆ ಮರಿ ಆರಿಸಿಕೊಳ್ಳಿ ಅಂದಳು ಮರಿಯಕ್ಕ.

"ನಿಂತ ಗಡಿಯಾರಾನ ಜನ ನಾಲ್ಕು ಅಂಗಡೀಲಿ ತೋರಿಸ್ತಾರಮ್ಮ," ಅಂದರು ಅವರು. "ಇದು ಜೀವ. ಇನ್ನೊಬ್ಬರಿಗೆ ತೋರಿಸೋಣ."

"ಡಾಕ್ಟ್ರಿಗೆ ಹೇಳ್ದೆ ಇನ್ನೊಬ್ಬರ ಹತ್ರ ಹೇಗೆ ಹೋಗ್ಲಿ ಯಜಮಾನ್ರೇ? ನನ್ನ ಮನೆ ಉಳಿಸಿದೋರು."

ಮೂಲೆಯಿಂದ ಅತ್ತೆ ಬಾಯಿ ಹಾಕಿದರು. "ನಿನ್ನ ದಾಕ್ಷಿಣ್ಯಕ್ಕೆ ಆ ಕೂಸು ಯಾಕೆ ಸಾಯ್ಬೇಕು? ಹೋಗಿ ಬಾರೇ. ಅವರು ಕೇಳಿದ್ರೆ ಮುದುಕಿ ಹಟ ಮಾಡಿದ್ಲು ಅನ್ನು."

ಮರಿಯಕ್ಕ ಡಾಕ್ಟರಿಗೆ ಫೋನು ಮಾಡಿ, ಮರಿಗಳಿಗೆ ಲಸಿಕೆ ಹಾಕುವ ದಿನವೇ ಬನ್ನಿ, ಅಲ್ಲಿಯವರೆಗೆ ಇಂಜೆಕ್ಷನ್ ಬೇಡ ಅಂದಳು. ಯಾಕೆ ಎಂದು ಹೇಳಲು ನಾಲಿಗೆ ಏಳಲಿಲ್ಲ. ಆಮೇಲೆ ಕಪ್ಪೆಯನ್ನು ಬುಟ್ಟಿಯಲ್ಲಿಟ್ಟುಕೊಂಡು, ಯಜಮಾನರ ಜೊತೆ ಬಸ್ಸು ಹತ್ತಿ ದೊಡ್ಡ ಪಶು ಆಸ್ಪತ್ರೆಗೆ ಹೋದಳು.

ಅಲ್ಲಿದ್ದ ಲೇಡಿ ಡಾಕ್ಟರು ಮಾತು ಕಡಿಮೆಯವರು. ಕಪ್ಪೆಯ ಹಿಂಗಾಲ ಬೆರಳನ್ನು ಚಿವುಟಿದರು. ಕಪ್ಪೆ ಕುಂಯ್ ಎಂದು ಕಾಲನ್ನು ಎಳೆದುಕೊಂಡ. ಇನ್ನೊಂದನ್ನೂ ಚಿವುಟಿದರು. ಅದನ್ನೂ ಎಳೆದುಕೊಂಡ.

"ಬೆನ್ನಿಂದ ಕಾಲಿಗೆ ಸುದ್ದಿ ಹೋಗ್ತಿದೆ, ಬರ್ತಿದೆ. ತಂತಿ ಎಲ್ಲೂ ಕಡಿದಿಲ್ಲ," ಅಂದರು. ಎಕ್ಸ್‌ರೇ ತೆಗೆಸಿ ಬೆಳಕಿಗೆ ಹಿಡಿದರು. ಬೆನ್ನುಮೂಳೆ ಮಣಿಸರದ ಹಾಗೆ ನೆಟ್ಟಗಿತ್ತು. "ಮನೇಲಿ ನೆಲ ಎಂಥದ್ದು?"

"ಮುಖ ನೋಡ್ಕೋಬಹುದು ಡಾಕ್ಟ್ರೇ, ಅಷ್ಟು ಚೊಕ್ಕ."

"ಅದೇ ತೊಂದರೆ. ಉಳಿದವು ಹಗುರ, ಹೇಗೋ ನಿಂತ್ವು. ಇವನಿಗೆ ಮೈಭಾರ. ಏಳೋಕೆ ಹೋದಾಗೆಲ್ಲ ಕಾಲು ಜಾರಿದೆ. ಜಾರಿ ಜಾರಿ, ಕಾಲು ಇರೋದೇ ಹೀಗೆ ಅಂದ್ಕೊಂಡಿದ್ದಾನೆ. ಮೂಳೆ ಇನ್ನೂ ಎಳೇದು, ತಿದ್ದಬಹುದು. ಗ್ಯಾರಂಟಿ ಕೊಡಲ್ಲ, ಪ್ರಯತ್ನ ಮಾಡಿ."

ಮರಿಯಕ್ಕನ ಮುಖ ಸಪ್ಪಗಾಯಿತು. ತನ್ನ ಹೆಮ್ಮೆಯ ನೆಲವೇ ಕಪ್ಪೆಯ ಕಾಲು ಎಳೆದಿತ್ತು. ಸಾಲದ್ದಕ್ಕೆ ದಪ್ಪಗಿದ್ದರೆ ಚೆಂದವೆಂದು ಬಾಟಲಿ ಹಾಲನ್ನೂ ಕುಡಿಸಿದ್ದವಳು ಅವಳೇ.

ಮನೆಗೆ ಬಂದವಳೇ ಕೋಣೆ ತುಂಬ ಗೋಣಿಚೀಲ ಹಾಸಿದಳು. ಲೇಡಿ ಡಾಕ್ಟರು ತೋರಿಸಿಕೊಟ್ಟ ಹಾಗೆ ಹಿಂಗಾಲು ಎರಡನ್ನೂ ಮೆತ್ತನೆ ಪಟ್ಟಿಯಿಂದ ಸೇರಿಸಿ, ನಡುವೆ ನಿಲ್ಲುವಷ್ಟು ಅಂತರ ಬಿಟ್ಟು ಕಟ್ಟಿದಳು. ಬಾಟಲಿ ಹಾಲು ನಿಂತಿತು. ಎದೆ ಮತ್ತೆ ದುಂಡಗಾಗಲೆಂದು ಪಕ್ಕಕ್ಕೆ ಮಲಗಿಸಿ, ಹೊತ್ತು ಹೊತ್ತಿಗೂ ತೊಡೆ ನೀವಿ, ಕಾಲನ್ನು ಸೈಕಲ್ ತುಳಿಸಿದ ಹಾಗೆ ಆಡಿಸಿದಳು. "ನನ್ನ ಮೊಣಕಾಲಿಗೆ ಹೀಗೆ ನೀವಿದ್ರೆ ನಾನೂ ಓಡ್ತಿದ್ದೆ ಕಣೆ," ಅಂದರು ಅತ್ತೆ. "ಓಡಿ ಎಲ್ಲಿಗೆ ಹೋಗ್ತೀರಿ ಅತ್ತೆ, ಕೂತೇ ಮನೆ ಆಳ್ತಿದ್ದೀರಲ್ಲ," ಅಂದಳು ಇವಳು. ಯಜಮಾನರೂ ದಿನಾ ಬಂದು ಒಂದು ಕಾಲು ನೀವಲು ಕೂರುತ್ತಿದ್ದರು. ಗಡಿಯಾರದ ಕೂದಲೆಳೆಯಂಥ ಸ್ಪ್ರಿಂಗು ಹಿಡಿದು ಪಳಗಿದ ಕೈ, ಭಾರವಿರಲಿಲ್ಲ.

ಹೀಗೇ ಇರುವಾಗ ಲಸಿಕೆಯ ದಿನ ಬಂತು. ಹಳೆಯ ಡಾಕ್ಟರು ಒಳಗೆ ಕಾಲಿಡುವ ಹೊತ್ತಿಗೆ ಯಜಮಾನರೂ ಅಲ್ಲೇ ಇದ್ದರು. ಮರಿಯಕ್ಕ ಬಾಯಿ ತೆರೆಯುವ ಮೊದಲೇ ಕಪ್ಪೆ ಬಾಗಿಲ ಸದ್ದಿಗೆ ತಲೆ ಎತ್ತಿದ. ಮುಂಗಾಲು ಊರಿದ. ಹಿಂಭಾಗ ನಡುಗುತ್ತಾ ನಡುಗುತ್ತಾ ನೆಲ ಬಿಟ್ಟು ಮೇಲೆದ್ದಿತು.

ಮರಿಯಕ್ಕ ಎಷ್ಟು ಮರಿಗಳು ಎದ್ದು ನಿಂತದ್ದನ್ನು ಕಂಡಿದ್ದಳೋ ಲೆಕ್ಕವಿಲ್ಲ. ಬೀಜ ಮೊಳೆತ ಹಾಗೆ, ಹೊತ್ತು ಮೂಡಿದ ಹಾಗೆ, ಅದು ತಾನೇ ಆಗುವ ಕೆಲಸ ಎಂದುಕೊಂಡಿದ್ದಳು. ಈಗ ಕಂಡಳು. ಬೆರಳೊಂದೊಂದೂ ಗೋಣಿಯ ಎಳೆಯನ್ನು ಕಚ್ಚಿ ಹಿಡಿಯಬೇಕು. ತೊಡೆ ಬಿಗಿಯಬೇಕು. ಬೆನ್ನು ಆ ಭಾರವನ್ನೆಲ್ಲ ಒಪ್ಪಿಕೊಳ್ಳಬೇಕು. ಯಾರೂ ಹೇಳಿಕೊಡದ ಇದನ್ನು ಇಷ್ಟು ಚಿಕ್ಕ ಜೀವವೊಂದು ಒಳಗೊಳಗೇ ಹೊಂದಿಸಿಕೊಳ್ಳುತ್ತಿದೆ.

ಕಪ್ಪೆ ನಿಂತ. ತೂಗಿದ. ದೊಪ್ಪನೆ ಬಿದ್ದ.

"ಇವನನ್ನ ಯಾವ ಡಾಕ್ಟ್ರು ನೋಡಿದ್ದು?" ಡಾಕ್ಟರು ಕೇಳಿದರು.

ಮರಿಯಕ್ಕ ತಲೆ ತಗ್ಗಿಸಿಕೊಂಡೇ ಎಲ್ಲ ಹೇಳಿದಳು. ತಪ್ಪನ್ನು ಅತ್ತೆಯ ಮೇಲೆ ಹಾಕಲಿಲ್ಲ.

ಡಾಕ್ಟರು ಚೀಲವನ್ನು ಗೋಡೆಗೆ ಒರಗಿಸಿ, ಪ್ಯಾಂಟು ಮೇಲಕ್ಕೆಳೆದುಕೊಂಡು ಗೋಣಿಯ ಮೇಲೆ ಚಕ್ಕಳಮಕ್ಕಳ ಕೂತರು. "ನನಗಾದ್ರೂ ಒಂದು ಮಾತು ಹೇಳ್ಬಾರದಿತ್ತೇನಮ್ಮ, ನಾನೂ ಜೊತೇಲಿ ಬರ್ತಿದ್ದೆ," ಅಂದರು. ಮತ್ತೆ ದನಿ ತಗ್ಗಿಸಿ, "ಈಗ ಯಾರೂ ಅವನನ್ನ ಎತ್ತಬೇಡಿ. ಇನ್ನೊಂದ್ಸಲ ಏಳಲಿ, ನೋಡೋಣ."

ಯಜಮಾನರು ಮುಂದೆ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. ಅತ್ತೆ ಕೂಡ ಮೂಲೆಯಿಂದ ಕತ್ತು ಚಾಚಿದರು. ಕಪ್ಪೆ ಒಮ್ಮೆ ಎಲ್ಲರ ಮುಖ ನೋಡಿ, ಮುಂಗಾಲನ್ನು ಮತ್ತೆ ಊರಿದ.