ಮಿಲ್ಟನ್ ಬಂಡೆಯ ಮೇಲೆ ಕೇಳಿದ ಮಾತು

ಅಶರೀರವಾಣಿ ಕೇಳಿತು ಎನ್ನುವವರನ್ನು ಕಂಡರೆ ಅವರ ಮುಖಕ್ಕೇ ನಗುತ್ತಿದ್ದವನು ನಾನು. ಈಗ ನಗುವ ಯೋಗ್ಯತೆ ನನಗಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ನನ್ನ ಹಾಗೇ ಈ ಪರದೇಶಕ್ಕೆ ಬಂದು ನೆಲೆಸಿದ ಧಾರವಾಡದ ಗೆಳೆಯ ಬಸು ಮತ್ತು ನಾನು ರಾಕಿ ಪರ್ವತದಲ್ಲಿ ಒಂದು ವಾರದ ಮೌಂಟೇನ್ ಬೈಕ್ ಟೂರಿಗೆ ಹೆಸರು ಕೊಟ್ಟಿದ್ದೆವು. ಅರವತ್ತಕ್ಕೆ ಅರಳು ಮರಳು ಅನ್ನುತ್ತಾರೆ, ನಮಗೆ ನಲವತ್ತಕ್ಕೇ ಹಿಡಿದಿತ್ತು. ಶನಿವಾರ ಬಂತೆಂದರೆ ಮಿಲ್ಟನ್ ಎಂಬ ಹತ್ತಿರದ ಊರಿನ ಕಲ್ಲುಗುಡ್ಡದಲ್ಲಿ ಅಭ್ಯಾಸ. ಕಲಿಸುವವನು ನಾನು. ಕಡಿದಾದ ಇಳಿಜಾರಿನಲ್ಲಿ ಬಸು ಹೆದರಿ ಬ್ರೇಕು ಹಿಂಡುತ್ತಿದ್ದ. ಹಾಗೆ ಹಿಂಡಿದರೆ ಗಾಲಿ ಜಾರುತ್ತದೆ. ಬ್ರೇಕು ಬಿಡು ಎನ್ನಲು ಅವನ ಊರಿನ ಸಲಿಗೆಯಲ್ಲೇ “ಬಿಡಲೇ” ಎಂದು ಕೂಗುತ್ತಿದ್ದೆ, ಕೂಗಿದೊಡನೆ ಬ್ರೇಕು ಬಿಡುತ್ತಿದ್ದ. ನನ್ನ ಮೇಲೆ ಅವನಿಗೆ ಅಷ್ಟು ಭರವಸೆ.

ಮೂರು ವರ್ಷದ ಹಿಂದೆ, ಮಳೆ ನಿಂತ ಒಂದು ಬೆಳಿಗ್ಗೆ, ಅಲ್ಲಿನ ದೊಡ್ಡ ಬಂಡೆಯನ್ನು ಮೊದಲು ನಾನು ಇಳಿದೆ. ಎಲ್ಲೆಲ್ಲೂ ಪಾಚಿ. ನಾನು ಬೀಳದೆ ಉಳಿದದ್ದೇ ಹೆಚ್ಚು. ಇವತ್ತು ಇದರ ಸಹವಾಸ ಬೇಡ, ಇಳಿಯಬೇಡ ಎನ್ನುವ ಅರ್ಥದಲ್ಲಿ ಕೆಳಗಿನಿಂದ ಕೂಗಿದೆ: “ಬಿಡಲೇ ಬಸೂ, ಬಿಡು.”

ಬಸು ಬ್ರೇಕು ಬಿಟ್ಟ.

ಅಂದಿನಿಂದ ನಾರ್ತ್ ಯಾರ್ಕಿನ ಒಂದು ಆರೈಕೆ ಕೇಂದ್ರದಲ್ಲಿ ಮಲಗಿದ್ದಾನೆ. ಕಣ್ಣು ತೆರೆಯುತ್ತಾನೆ, ಮಾತಿಲ್ಲ. ಇನ್ನು ಬರುವುದೂ ಇಲ್ಲ ಎಂದು ಡಾಕ್ಟರು ಹೇಳಿಯಾಗಿದೆ. ಅವನ ಹೆಂಡತಿ ಗಿರಿಜಾಳಿಗೆ ಗಾಲಿ ಜಾರಿತು ಎಂದಷ್ಟೇ ಹೇಳಿದ್ದೆ. ಕೂಗಿದ್ದನ್ನು ಹೇಳಲಿಲ್ಲ. ನನ್ನ ದನಿ ಅಷ್ಟು ಎತ್ತರಕ್ಕೆ ಮುಟ್ಟಿರಲಿಕ್ಕಿಲ್ಲ, ಅವನು ತಾನಾಗಿಯೇ ಇಳಿದಿರಬೇಕು ಎನ್ನುವುದೊಂದೇ ನನಗೆ ಉಳಿದಿದ್ದ ಆಸೆ.

ಕಳೆದ ಅಕ್ಟೋಬರಿನಲ್ಲಿ ಆ ಆಸೆಯನ್ನು ಪರೀಕ್ಷಿಸಲೆಂದೇ ಒಬ್ಬನೇ ಹೋದೆ. ಮಧ್ಯಾಹ್ನ ಮೂರರ ಹೊತ್ತು, ಮಂಜು ಕವಿದಿತ್ತು, ಜನವಿರಲಿಲ್ಲ. ಬಸು ನಿಂತಿದ್ದ ಜಾಗದಲ್ಲೇ ನಿಂತೆ. ದೂರದ ಹೆದ್ದಾರಿಯ ಸದ್ದೂ ಅಲ್ಲಿಗೆ ಬರುತ್ತಿರಲಿಲ್ಲ. ಹಾಗಾದರೆ ಅವತ್ತು ನನ್ನ ಕೂಗೂ ಬಂದಿರಲಿಕ್ಕಿಲ್ಲ. ಮೂರು ವರ್ಷಗಳಲ್ಲಿ ಮೊದಲ ಸಲ ಮನಸ್ಸು ಹಗುರಾಯಿತು. ತಿರುಗಿ ಹೊರಟೆ, ಆಗ ಕೆಳಗಿನಿಂದ ಕೇಳಿಸಿತು: “ಬಿಡಲೇ.”

ಬಸುವಿನ ದನಿ. ಒಂದಕ್ಷರವೂ ತಪ್ಪದೆ ಮೇಲಿನವರೆಗೆ ಕೇಳಿಸಿತು. ಬಳಸು ದಾರಿಯಿಂದ ಇಳಿದು ಹುಡುಕಿದೆ. ಒದ್ದೆ ಎಲೆ ಬಿಟ್ಟರೆ ಏನೂ ಇರಲಿಲ್ಲ.

ಕಾರಿನ ಹತ್ತಿರ ಬರುವಷ್ಟರಲ್ಲಿ ಗಿರಿಜಾಳ ಫೋನು. ಅಳುತ್ತಿದ್ದಳು, ನಗುತ್ತಲೂ ಇದ್ದಳು.

“ಅಣ್ಣಾರ, ಇವರು ಈಗ ಮಾತಾಡಿದ್ರು. ‘ಬಿಡಲೇ’ ಅಂದ್ರು. ನನಗ ಎಂದೂ ‘ಲೇ’ ಅಂದಾವ್ರಲ್ಲ. ಯಾರಿಗೆ ಅಂದಿರಬೇಕ್ರಿ?”

ಗೊತ್ತಿಲ್ಲ ಎಂದೆ.

ಬಸು ಮತ್ತೆ ಮಾತಾಡಿಲ್ಲ. ಆದದ್ದು ಆಯಿತು ಬಿಡು ಎಂದನೋ, ನೀನೂ ಬ್ರೇಕು ಬಿಟ್ಟು ಇಳಿ ಎಂದನೋ, ಇವತ್ತಿಗೂ ನನಗೆ ತಿಳಿಯದು. ಗಿರಿಜಾ ಪ್ರತಿ ಭಾನುವಾರ ಅವನ ಕಿವಿಯ ಹತ್ತಿರ ಬಾಗಿ, ಅವತ್ತು ಯಾರಿಗೆ ಅಂದ್ರಿ ಎಂದು ಕೇಳುತ್ತಾಳೆ. ಮಂಚದ ಈಚೆ ಬದಿಗೆ ನಾನು ಕೂತಿರುತ್ತೇನೆ.