ಕತ್ತಿ ಹಿಡಿದು ಕೇಳಿದ ಸಲಹೆ

ಊರಿನ ಗಡ್ಡಗಳನ್ನೆಲ್ಲ ಬೋಳಿಸಿ ಪಳಗಿದ ಕೈ ಆ ಬೆಳಿಗ್ಗೆ ತನ್ನದೇ ಗಲ್ಲವನ್ನು ಕೊಯ್ದುಕೊಂಡಿತ್ತು. ಕಟಿಂಗ್ ಅಣ್ಣ ಎಂದೇ ಎಲ್ಲರೂ ಕರೆಯುತ್ತಿದ್ದ ಆತ ಅರ್ಧ ಗಡ್ಡದಲ್ಲೇ ಕತ್ತಿ ಕೆಳಗಿಟ್ಟ. ಗಮನವೆಲ್ಲ ಬ್ಯಾಂಕಿನ ಕಡೆಗಿತ್ತು. ಬ್ಯಾಂಕಿನ ಬಾಗಿಲು ತೆಗೆದ ಕೂಡಲೇ ಹೋಗಿ ಅಂಗಡಿಯನ್ನು ಅಡವಿಡಬೇಕಿತ್ತು. ಎರಡು ಕುರ್ಚಿ, ಒಂದು ಉದ್ದನೆಯ ಕನ್ನಡಿ, ಅಪ್ಪ ಕಟ್ಟಿಸಿದ ನಾಲ್ಕು ಗೋಡೆ. ಮನೆಮಂದಿಯ ಅನ್ನವೆಲ್ಲ ಅಲ್ಲಿಂದಲೇ ಬರುತ್ತಿತ್ತು.

ಅಡವಿಡುತ್ತಿದ್ದುದು ಕಾಲೇಜಿನ ಎದುರಿನ ಕಟ್ಟಡ ಕೊಳ್ಳಲು; ಮುಂಗಡವನ್ನೂ ಕೊಟ್ಟಾಗಿತ್ತು. ಕೆಳಗೆ ಮೂರು ಕೋಣೆ, ಮೇಲೆ ಮೂರು. ಆರೂ ತುಂಬಿದರೆ ಬಾಡಿಗೆಯಲ್ಲೇ ಸಾಲದ ಕಂತು ತೀರಿ ಮೇಲಿಷ್ಟು ಉಳಿಯುತ್ತದೆ; ಸಾಲ ಮುಗಿದ ಮೇಲೆ ಕಾಲು ಚಾಚಿ ಕೂರಬಹುದು. ದಿನವಿಡೀ ನಿಂತು ನರ ಉಬ್ಬಿದ ಕಾಲುಗಳಿಗೆ ಆ ಯೋಚನೆಯೇ ಎಣ್ಣೆ ತಿಕ್ಕಿದಂತಿತ್ತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು ಅಂದರೆ ಇದೇ. ಗೋಡೆಗೆ ಯಾವ ಬಣ್ಣ ಎಂಬುದನ್ನೂ ಮಹಾಶಯ ಗೊತ್ತು ಮಾಡಿಬಿಟ್ಟಿದ್ದ.

"ಆರರಲ್ಲಿ ಮೂರು ಖಾಲಿ ಬಿದ್ರೆ?" ಎಂದು ಹೆಂಡತಿ ಮತ್ತೆ ಕೇಳಿದಳು.

"ಕಾಲೇಜು ಎದುರಿಗೇ ಇದೆ ಕಣೇ. ಯಾಕೆ ಖಾಲಿ ಬೀಳುತ್ತೆ?"

"ಬಿದ್ರೆ ಅಂದೆ. ಕಂತಿಗೆ ಅಂಗಡಿ ಹೋಗುತ್ತೆ."

"ಗಿರಾಕಿಗಳನ್ನೆಲ್ಲ ಕೇಳಿದೀನಿ. ಮೇಷ್ಟ್ರು, ವಕೀಲರು, ಕಾಲೇಜಿನ ಗುಮಾಸ್ತರು. ಒಬ್ಬರಾದ್ರೂ ಬೇಡ ಅಂದಿಲ್ಲ."

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವನ ಹತ್ತಿರ ಏನು ವಾದ? ಅವಳು ಅಂಗಡಿಯ ಕಾಗದಗಳನ್ನು ಚೀಲಕ್ಕೆ ಹಾಕತೊಡಗಿದಳು. ಅವಳ ಮುಖ ನೋಡಲು ಅವನಿಗೆ ಧೈರ್ಯ ಬರಲಿಲ್ಲ.

"ಅರ್ಧ ಗಡ್ಡದಲ್ಲಿ ಮ್ಯಾನೇಜರ್ ಮುಂದೆ ಕೂರ್ತೀರಾ? ನಿಮ್ಮ ಶಿಷ್ಯನ ಹತ್ರ ಮುಗಿಸ್ಕೊಂಡು ಬನ್ನಿ. ನಾನು ಬ್ಯಾಂಕಿನ ಹತ್ರ ಇರ್ತೀನಿ," ಎಂದಳು.

ಶಿಷ್ಯ ಅವನ ಬಳಿಯೇ ಕೆಲಸ ಕಲಿತು, ಪಕ್ಕದ ಬೀದಿಯಲ್ಲಿ ಸ್ವಂತ ಅಂಗಡಿ ಇಟ್ಟವನು. ಗುರು ಬಂದದ್ದೇ ಕುರ್ಚಿ ಒರೆಸಿ ಕೂರಿಸಿದ, ತಲೆ ಹಿಂದಕ್ಕೆ ವಾಲಿಸಿದ, ನೊರೆ ಹಚ್ಚಿ ಗಂಟಲಿನ ಮೇಲೆ ಕತ್ತಿ ಇಟ್ಟ. ಆಮೇಲೆ ಕೇಳಿದ.

"ಅಣ್ಣಾ, ಮೂಲೆ ಮಳಿಗೆ ಖಾಲಿ ಇದೆಯಲ್ಲ, ಅದನ್ನ ಹಿಡಿಯೋಣ ಅಂತಿದೀನಿ. ಜಾಗ ಹೇಗೆ?"

ಆ ಮಳಿಗೆಯ ಪಕ್ಕದಲ್ಲೇ ದೊಡ್ಡ ಮೋರಿ. ಮೂಗು ಮುಚ್ಚಿಕೊಂಡು ಯಾರು ಗಡ್ಡ ಮಾಡಿಸಿಕೊಳ್ಳುತ್ತಾರೆ? ಬೇಡ ಕಣೋ ಎಂಬ ಮಾತು ಗಂಟಲಿಗೆ ಬಂತು. ಆದರೆ ಗಂಟಲಿನ ಮೇಲೆ ಕತ್ತಿಯೂ ಇತ್ತು.

"ಹ್ಞೂಂ," ಅಂದ.

"ಒಳ್ಳೇ ಜಾಗ ಅಲ್ವಾ?"

"ಹ್ಞೂಂ."

"ನೀವು ಹೇಳಿದ ಮೇಲೆ ಮುಗೀತು. ನಾಳೆನೇ ಮುಂಗಡ ಕೊಟ್ಬಿಡ್ತೀನಿ."

ಕಟಿಂಗ್ ಅಣ್ಣನಿಗೆ ತನ್ನ ಗಿರಾಕಿಗಳು ನೆನಪಾದರು. ಮೇಷ್ಟರನ್ನು ಕೇಳಿದ್ದು ಯಾವಾಗ? ವಕೀಲರನ್ನು? ಗುಮಾಸ್ತರನ್ನು? ಎಲ್ಲರನ್ನೂ ಹೀಗೇ, ತಲೆ ವಾಲಿಸಿ, ಗಂಟಲಿಗೆ ಕತ್ತಿ ಹಿಡಿದು. ಎಲ್ಲರೂ ಹೇಳಿದ್ದು ಹ್ಞೂಂ ಎಂದೇ. ಶಿಷ್ಯನ ಕೈಯನ್ನು ಪಕ್ಕಕ್ಕೆ ಸರಿಸಿ, ಕೊರಳಿನ ಟವಲಿನ ಸಮೇತ ಬೀದಿಗೆ ಓಡಿದ. ನೋಡಿದವರು ನಕ್ಕರು. ನಗಲಿ ಬಿಡಿ, ಅವನ ಜೀವ ಬಾಯಿಗೆ ಬಂದಿತ್ತು.

ಗುಮಾಸ್ತರು ಕಾಲೇಜಿನ ಗೇಟಿನಲ್ಲೇ ಸಿಕ್ಕರು.

"ಸ್ವಾಮಿ, ನಿಜ ಹೇಳಿ. ಎದುರಿನ ಕಟ್ಟಡ ತಗೋಬಹುದಾ?"

ಅವರು ಅವನ ಮುಖದ ನೊರೆಯನ್ನೇ ನೋಡಿದರು. "ಬೇಡಯ್ಯಾ. ಕಾಲೇಜು ಊರಾಚೆಗೆ ಹೋಗ್ತಾ ಇದೆ. ಬರೋ ವರ್ಷ ಇಲ್ಲಿ ಒಬ್ಬ ಹುಡುಗನೂ ಇರಲ್ಲ."

"ಅವತ್ತು ಹ್ಞೂಂ ಅಂದ್ರಲ್ಲ!"

"ಹೇಳೋಕೆ ಬಾಯಿ ತೆಗೆದೆ. ಅಲ್ಲಾಡಬೇಡಿ ಅಂತ ನೀನೇ ಗದರಿದೆ."

"ಮುಗಿದ ಮೇಲಾದ್ರೂ ಹೇಳಬಾರದಿತ್ತಾ?"

"ಮುಗಿದ ಮೇಲೆ ನೀನು ಅಷ್ಟು ಖುಷಿಯಾಗಿದ್ದೆ. ನಂಗೆ ಬಾಯಿ ಬರಲಿಲ್ಲ. ತಪ್ಪಾಯ್ತು."

ಬ್ಯಾಂಕಿನ ಮೆಟ್ಟಿಲ ಮೇಲೆ ಹೆಂಡತಿ ಚೀಲವನ್ನು ಎದೆಗೆ ಅವುಚಿಕೊಂಡು ನಿಂತಿದ್ದಳು. ಬಾಗಿಲು ತೆಗೆದಾಗಿತ್ತು. ಅವನು ಏದುಸಿರು ಬಿಡುತ್ತ ಅವಳ ತೋಳು ಹಿಡಿದ.

"ಮನೆಗೆ ನಡಿ. ಅಂಗಡಿ ಅಡ ಇಡಲ್ಲ. ಕಾಲೇಜೇ ಹೊರಟು ಹೋಗ್ತಿದೆಯಂತೆ."

"ಕಟ್ಟಡದವರಿಗೆ ಕೊಟ್ಟ ಮುಂಗಡ?"

"ಕೇಳಿ ನೋಡ್ತೀನಿ. ಹೋಯ್ತು ಅಂತಲೇ ಇಟ್ಕೋ. ನಿನ್ನ ಮಾತು ಕೇಳಬೇಕಿತ್ತು."

ಅವಳ ಕಣ್ಣು ತುಂಬಿತು. ಬೈಯಲಿಲ್ಲ. ಟವಲಿನ ತುದಿಯಿಂದ ಅವನ ಕೆನ್ನೆಯಲ್ಲಿ ಒಣಗುತ್ತಿದ್ದ ನೊರೆಯನ್ನು ಒರೆಸಿದಳು. "ಅಂಗಡಿ ಉಳೀತಲ್ಲ, ಬನ್ನಿ," ಎಂದಳು.

"ನೀನು ನಡೀತಿರು. ನಂಗೊಂದು ಕೆಲಸ ಬಾಕಿ ಇದೆ."

ಶಿಷ್ಯ ಇನ್ನೂ ಬಾಗಿಲಲ್ಲೇ ಕತ್ತಿ ಹಿಡಿದು ಕಂಗಾಲಾಗಿ ನಿಂತಿದ್ದ. ಕಟಿಂಗ್ ಅಣ್ಣ ಒಳಗೆ ಹೋಗಿ ಅದೇ ಕುರ್ಚಿಯಲ್ಲಿ ಕೂತ. ತಲೆ ಮಾತ್ರ ವಾಲಿಸಲಿಲ್ಲ.

"ಮೊದಲು ಆ ಕತ್ತಿ ಕೆಳಗಿಡು," ಎಂದ. "ಮೂಲೆ ಮಳಿಗೆ ವಿಷಯ ಈಗ ಇನ್ನೊಂದು ಸಲ ಕೇಳು."